ಹಸಿರಪ್ಪ, ಕಲ್ಲಪ್ಪ ಮತ್ತು ಪಂತುಲಮ್ಮ

ಮೊಣಕಾಲು ನೋವಿಗೆಂದು ಮೊನ್ನೆ ಔಷಧಿ ಅಂಗಡಿಯಿಂದ ನೀಲಗಿರಿ ತೈಲದ ಸೀಸೆ ತಂದೆ. ಮುಚ್ಚಳ ತಿರುಗಿಸಿದ ಕೂಡಲೇ ಆ ಘಾಟು ಮೂಗಿನಿಂದ ಹಣೆಯವರೆಗೆ ಏರಿತು. ಸುರಿದುಕೊಂಡ ಎಣ್ಣೆ ಅಂಗೈಯಲ್ಲೇ ಉಳಿಯಿತು... ಹಿಂದೂಪುರದ ನಮ್ಮ ಮನೆಯ ಹಜಾರದಲ್ಲಿ ಕೂತಿದ್ದವಳು ಕಲ್ಯಾಣದುರ್ಗದ ಒಂದು ಹಿತ್ತಲ ಕೋಣೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಕಬ್ಬಿಣದ ಮಂಚ, ಮಂಚದ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತ ಪಂತುಲಮ್ಮ.

ಟೀಚರಮ್ಮನಿಗೆ ತೆಲುಗಿನಲ್ಲಿ ಪಂತುಲಮ್ಮ ಎನ್ನುತ್ತಾರೆ. ಆಂಧ್ರದ ಗಡಿಯ ನಮ್ಮ ಊರುಗಳಲ್ಲಿ ಕನ್ನಡ ಮಾತಾಡುವವರೂ ಆಕೆಯನ್ನು ಹಾಗೆಯೇ ಕರೆಯುತ್ತಿದ್ದರು.

ನನ್ನ ತೌರು ಹಿಂದೂಪುರವೇ. ಅಪ್ಪನ ಮನೆಯಲ್ಲಿ ಮಗ್ಗಗಳಿದ್ದವು. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದೆ. ಗಂಡನ ಮನೆಯವರದ್ದು ಬಟ್ಟೆ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ರೈಲು ಡಬ್ಬಿಗಳಂತೆ ಒಂದರ ಹಿಂದೆ ಒಂದು ಕೋಣೆ. ಎರಡೂ ಪಕ್ಕದಲ್ಲಿ ಬೇರೆಯವರ ಗೋಡೆಗಳು ಅಂಟಿಕೊಂಡಿದ್ದರಿಂದ ಕಿಟಕಿಗಳೇ ಇಲ್ಲ. ಅಡುಗೆಮನೆಯ ಸೂರಿನಲ್ಲಿ ಒಂದು ಗಾಜಿನ ಹೆಂಚು ಮಾತ್ರ. ಅದರಿಂದ ಇಳಿದ ಬಿಸಿಲಿನ ಚೌಕ ಬೆಳಿಗ್ಗೆ ಒಲೆಯ ಪಕ್ಕ ಬಿದ್ದು, ಸಂಜೆಗೆ ನೀರಿನ ಹಂಡೆಯ ಮೇಲೆ ಹತ್ತಿ ಮಾಯವಾಗುತ್ತಿತ್ತು. ಹೊರಗಿನ ಲೋಕದಲ್ಲಿ ನನ್ನ ಪಾಲು ಅಷ್ಟೇ.

ಬೀದಿಗೆ ಹೋಗಬೇಕಾದರೆ ಅಂಗಡಿ ದಾಟಬೇಕು. ಅಂಗಡಿಯಲ್ಲಿ ಗಂಡಸರಿರುತ್ತಾರೆ. ಹಾಗಾಗಿ ಸೊಸೆ ಬೀದಿಗೆ ಹೋಗುವಂತಿಲ್ಲ. ಅತ್ತೆ ಕೆಟ್ಟವರಲ್ಲ. ಹೊಟ್ಟೆ ತುಂಬ ಬಡಿಸುತ್ತಿದ್ದರು, ತಲೆನೋವೆಂದರೆ ತಾವೇ ಕಾಫಿ ಮಾಡಿಕೊಡುತ್ತಿದ್ದರು. ಆದರೆ ನನಗಿಂತ ಮೊದಲು ಬಂದ ಹಿರಿಯ ಸೊಸೆ ತೌರಿಗೆಂದು ಹೋದವರು ತಿರುಗಿ ಬರದೆ, ಗಂಡನನ್ನೇ ಅಲ್ಲಿಗೆ ಕರೆಸಿಕೊಂಡಿದ್ದರು. ಆ ಪೆಟ್ಟು ಅತ್ತೆಯ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತು. ನಾನು ಹಿಂದೂಪುರ ಎಂದರೆ ಸಾಕು, ಮಾತು ಬೇರೆ ಕಡೆ ತಿರುಗಿಸುತ್ತಿದ್ದರು.

ಮನೆಯ ಕೊನೆಯಲ್ಲಿ, ಬಚ್ಚಲಿನ ಪಕ್ಕ, ಒಂದು ಕಿರಿದಾದ ಬಾಗಿಲಿತ್ತು. ಅದು ತೆರೆಯುತ್ತಿದ್ದದ್ದು ಹಿಂದಿನ ಮನೆಯವರ ಹಿತ್ತಲಿಗೆ. ಬೀದಿಗೆ ಕಾಲಿಡದೆ ನಾನು ಹೋಗಬಹುದಾಗಿದ್ದ ಒಂದೇ ಮನೆ ಅದು. ಅಲ್ಲಿನ ಹಿತ್ತಲ ಕೋಣೆಯಲ್ಲಿ ಪಂತುಲಮ್ಮ ಇದ್ದರು.

ಆಕೆ ಮಡಕಶಿರದ ಕಡೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಬಸ್ಸಿಲ್ಲದ ಊರುಗಳಿಗೆ ಗುಡ್ಡ ಬಳಸಿ ನಡೆದವರು. ಮದುವೆ ಒಂದಾಗಿತ್ತಂತೆ, ಅದರ ಬಗ್ಗೆ ಮಾತಿಲ್ಲ. ಕೀಲುಗಳೆಲ್ಲ ಬಾತು ಕಾಲು ನಿಲ್ಲದಂತಾದ ಮೇಲೆ ತಮ್ಮನ ಮನೆ ಸೇರಿದ್ದರು. ಕೋಣೆಗೊಂದು ಕಿಟಕಿಯೇನೋ ಇತ್ತು. ಅದರಿಂದ ಕಾಣುತ್ತಿದ್ದದ್ದು ನಮ್ಮ ಬಚ್ಚಲಿನ ಗೋಡೆ.

ನಾನು ಮದುವೆಗೆ ಮುಂಚೆಯೇ ಮನೆಯಲ್ಲಿ ಓದಿಕೊಂಡು ಬಿ.ಎ. ಪರೀಕ್ಷೆಗೆ ಕಟ್ಟಿದ್ದೆ. ಉಳಿದ ವಿಷಯಗಳು ಮುಗಿದು ಕನ್ನಡ ಮಾತ್ರ ಬಾಕಿಯಿತ್ತು. ಸೀರೆಗಳ ಕೆಳಗೆ ಪೆಟ್ಟಿಗೆಯಲ್ಲಿಟ್ಟು ತಂದಿದ್ದ ಪಠ್ಯಪುಸ್ತಕವನ್ನು ಒಂದು ಮಧ್ಯಾಹ್ನ ಆಕೆಗೆ ತೋರಿಸಿದೆ. ಬೆರಳು ಮಡಿಸಲಾರದ ಕೈಯಲ್ಲಿ ಅದನ್ನು ಹಿಡಿಯಲು ಹೋಗಿ ಬೀಳಿಸಿಕೊಂಡರು.

"ನೀನೇ ಓದಮ್ಮ. ಗಟ್ಟಿಯಾಗಿ ಓದು. ನನ್ ಕಿವಿ ಇನ್ನೂ ಸರಿಯಾಗೈತೆ."

ಪುಸ್ತಕದಲ್ಲಿ ಪ್ರಕೃತಿಯ ಬಗ್ಗೆ ಇಬ್ಬರು ಲೇಖಕರ ಎರಡು ಪ್ರಬಂಧಗಳಿದ್ದವು. ಅವರಿಬ್ಬರ ಶೈಲಿ ಮತ್ತು ಉದ್ದೇಶವನ್ನು ಹೋಲಿಸಿ ಬರೆಯಿರಿ ಎಂಬುದು ಪಾಠದ ಕೊನೆಯಲ್ಲಿದ್ದ ಪ್ರಶ್ನೆ. ಮೊದಲನೆಯವರದ್ದು ಮಂಜು ಮುಸುಕಿದ ಬೆಟ್ಟದ ಕಾಡು. ಅವರ ವಾಕ್ಯಗಳು ಬಳ್ಳಿಯಂತೆ ಹಬ್ಬಿ, ಪುಟದ ಕೊನೆಗೆ ಹೋಗಿ ಹೂ ಬಿಡುತ್ತಿದ್ದವು. ಅಲ್ಲಿ ತೊರೆ ಮದುವಣಗಿತ್ತಿಯಾಗಿತ್ತು, ಮರ ಋಷಿಯಾಗಿತ್ತು. ಎರಡನೆಯವರದ್ದು ಒಂದು ಮಳೆ ಬಿದ್ದ ಮಾರನೆಯ ದಿನದ ಬೋಳು ಬಯಲು. ಬಂಡೆ, ತಂಗಡಿ ಗಿಡ, ಮಣ್ಣು ಹೊರುವ ಇರುವೆ. ವಾಕ್ಯಗಳು ಚಿಕ್ಕವು. ಅಲ್ಲಿ ಯಾವುದೂ ಇನ್ನೊಂದರಂತೆ ಇರಲಿಲ್ಲ. ಬಂಡೆ ಬಂಡೆಯೇ, ಇರುವೆ ಇರುವೆಯೇ.

ಎರಡನ್ನೂ ಓದಿ ಮುಗಿಸುವಷ್ಟರಲ್ಲಿ ಪಂತುಲಮ್ಮ ಇಬ್ಬರಿಗೂ ಹೆಸರಿಟ್ಟಿದ್ದರು. ಮೊದಲನೆಯವರು ಹಸಿರಪ್ಪ, ಎರಡನೆಯವರು ಕಲ್ಲಪ್ಪ.

"ಮೊದ್ಲು ಇದನ್ನ ಹೇಳು. ಹಸಿರಪ್ಪ ಎಲ್ಲಿ ನಿಂತ್ಕೊಂಡು ನೋಡ್ತಾವ್ನೆ?"

"ಕಾಡಲ್ಲಿ."

"ಇಲ್ಲ ಕಣಮ್ಮ. ಕಾಡಿನ ಬಂಗ್ಲೆ ಜಗಲಿ ಮ್ಯಾಲೆ ಕುರ್ಚಿ ಹಾಕ್ಕೊಂಡು ಕೂತವ್ನೆ. ಇಷ್ಟು ದೂರ ಹೋದೋನ ಕಾಲಿಗೆ ಒಂದು ಮುಳ್ಳು ಬ್ಯಾಡ್ವಾ? ಕಲ್ಲಪ್ಪನ್ನ ನೋಡು, ಬಗ್ಗಿ ಕೂತವ್ನೆ. ಬಗ್ಗದೆ ಇರುವೆ ಬಾಯಲ್ಲಿರೋ ಮಣ್ಣು ಕಾಣಲ್ಲ."

ನನಗೆ ಸಿಟ್ಟು ಬಂತು. ಹಸಿರಪ್ಪನ ಕಾಡನ್ನು ನಾನು ಅಷ್ಟರಲ್ಲಾಗಲೇ ಬಾಯಿಪಾಠ ಮಾಡಿಕೊಂಡಿದ್ದೆ. ರೊಟ್ಟಿ ತಟ್ಟುವಾಗ, ಪಾತ್ರೆ ಉಜ್ಜುವಾಗ ಮನಸ್ಸಿನಲ್ಲೇ ಆ ತೊರೆಯ ದಡಕ್ಕೆ ಹೋಗಿ ಬರುತ್ತಿದ್ದೆ.

"ಮುಳ್ಳು ಓದಕ್ಕೆ ನಾನ್ಯಾಕೆ ಪುಸ್ತಕ ತೆಗೀಲಿ ಪಂತುಲಮ್ಮ? ಈ ಮನೇಲಿ ಮುಳ್ಳಿಗೇನು ಕಮ್ಮಿ?"

ಆಕೆ ನಕ್ಕುಬಿಟ್ಟರು. "ಅದನ್ನೇ ಬರಿ. ಹಸಿರಪ್ಪ ಮರೆಸಕ್ಕೆ ಬರೀತಾನೆ, ಕಲ್ಲಪ್ಪ ನೋಡ್ಸಕ್ಕೆ ಬರೀತಾನೆ. ನಿಂಗೆ ಉತ್ತರ ಸಿಕ್ಕೋಯ್ತು."

ಹೀಗೆ ಮಧ್ಯಾಹ್ನಗಳು ಕಳೆದವು. ಕಾಲಿಗೆ ನೀಲಗಿರಿ ತೈಲ ತಿಕ್ಕುತ್ತಾ ನಾನು ಜಗಳವಾಡುತ್ತಿದ್ದೆ, ಆಕೆ ನೋವಿಗೆ ಹಲ್ಲು ಕಚ್ಚಿಕೊಂಡೇ ಜಗಳವಾಡುತ್ತಿದ್ದರು. ಒಂದು ದಿನ ಕಲ್ಲಪ್ಪನನ್ನು ಓದುತ್ತಿದ್ದವಳು ನಡುವೆಯೇ ನಿಲ್ಲಿಸಿದೆ. ಹಸಿರಪ್ಪನ ಕಾಡು ಎಲ್ಲೋ ದೂರದ್ದು, ಸಿಗಲಿಲ್ಲವೆಂಬ ನೋವಿಲ್ಲ. ಕಲ್ಲಪ್ಪನ ಬಯಲು ನಮ್ಮ ಗೋಡೆಯ ಆಚೆಗೇ ಇತ್ತು. ಊರು ದಾಟಿದರೆ ಅದೇ ಬಂಡೆ, ಅದೇ ತಂಗಡಿ. ಅದನ್ನೂ ನಾನು ಪುಸ್ತಕದಲ್ಲಿ ಓದಬೇಕಾಗಿತ್ತು... ಆ ಕೋಣೆಯಲ್ಲಿ ಕೂತು ಉಸಿರು ಸಾಲದಂತಾಗಿ ಎದ್ದು ಬಂದುಬಿಟ್ಟೆ. ಬಂದೆನಾದರೂ ಎಲ್ಲಿಗೆ? ಅದೇ ಗಾಜಿನ ಹೆಂಚಿನ ಕೆಳಕ್ಕೆ.

ಆಮೇಲೆ ನಾವು ಪಕ್ಷ ಬದಲಿಸಿದೆವು. ನಾನು ಕಲ್ಲಪ್ಪನ ಕಡೆಯವಳಾದೆ. ಆಕೆಗೆ ಚಳಿಗಾಲದಲ್ಲಿ ನೋವು ಹೆಚ್ಚಾಗಿ, ಮಗ್ಗುಲಾಗಲೂ ಇನ್ನೊಬ್ಬರು ಬೇಕಾಯಿತು. ಆಗ ತಾವಾಗಿಯೇ, "ಹಸಿರಪ್ಪನ್ನ ಓದು" ಎನ್ನತೊಡಗಿದರು.

"ಅವನು ಕುರ್ಚಿ ಮ್ಯಾಲೆ ಕೂತವ್ನೆ ಅಂತಿದ್ರಲ್ಲ?"

"ಕೂತಿರ್ಲಿ ಬಿಡು. ನಾನೇನು ಓಡಾಡ್ತಾ ಇದ್ದೀನಾ? ಆ ತೊರೆ ಹತ್ರ ಬರೋವರ್ಗೂ ಓದು, ನಿಲ್ಲಿಸಬ್ಯಾಡ."

ಪರೀಕ್ಷೆ ಹತ್ತಿರವಾಯಿತು. ಕೇಂದ್ರ ಹಿಂದೂಪುರ. ಗಂಡನಿಗೆ ಹೇಳಿದೆ. ಅವರು ಅಮ್ಮನನ್ನು ಕೇಳು ಎಂದರು. ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯನ್ನೇ ಎತ್ತಲಿಲ್ಲ. "ಪರೀಕ್ಷೆ ಬರ್ದು ಯಾವ ಆಫೀಸಿಗೆ ಹೋಯ್ತೀಯ? ಬ್ಯಾಡ." ಅಷ್ಟೇ. ಪಂತುಲಮ್ಮನಿಗೆ ಹೇಳಿಕೊಂಡು ಕಣ್ಣೀರು ಹಾಕಿದೆ. ಆಕೆ, ಪುಸ್ತಕ ಮುಚ್ಚಿಡು ಎಂದರು. ನನಗೆ ಅದೂ ಬೇಸರವಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಗದ್ದಲ. ಬಾಗಿಲ ಪರದೆಯ ಹಿಂದಿನಿಂದ ನೋಡಿದೆ. ಪಂತುಲಮ್ಮ ಮರದ ಕುರ್ಚಿಯಲ್ಲಿ ಕೂತಿದ್ದರು. ತಮ್ಮನೂ ಒಬ್ಬ ಹಮಾಲಿಯೂ ಕುರ್ಚಿಯನ್ನು ಎತ್ತಿಕೊಂಡು ಬಂದಿದ್ದರು. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಿಡಿಸದೆ, ಇಡೀ ಬೀದಿ ಸುತ್ತಿ ಎಲ್ಲರ ಕಣ್ಣೆದುರಿಗೆ ಬರಬೇಕಾಗಿತ್ತು. ಮಕ್ಕಳು ಹಿಂದೆ ಗುಂಪುಗೂಡಿದ್ದರು. ಆಕೆ ಸೆರಗನ್ನು ಬಾತ ಕಾಲಿನ ಮೇಲೆ ಎಳೆದುಕೊಂಡು, ಎಲ್ಲೂ ನೋಡದೆ ಕೂತಿದ್ದರು.

ಅತ್ತೆ ಗಾಬರಿಯಿಂದ ಹೊರಗೆ ಬಂದರು. "ಏಮಮ್ಮಾ ಪಂತುಲಮ್ಮ, ಹಿಂಗೆ ಬಂದ್ಬುಟ್ಯಲ್ಲ! ಹೇಳಿದ್ರೆ ನಾನೇ ಬತ್ತಿರ್ಲಿಲ್ವಾ?"

"ಕೇಳ್ಕೊಳ್ಳೋಳು ನಾನು, ನಾನೇ ಬರಬೇಕಲ್ಲ. ನಿನ್ ಸೊಸೇನ ಪರೀಕ್ಷೆಗೆ ಕಳ್ಸು ಕಣಮ್ಮ."

"ಹೋದೋಳು ಅಲ್ಲೇ ಕೂತ್ಬುಟ್ರೆ? ಒಂದು ಸಲ ನೋಡಿವ್ನಿ ನಾನು."

"ಬತ್ತಾಳೆ. ನನ್ ಮಾತು ಇದು. ಬರದೆ ಹೋದ್ರೆ ಈ ಬೀದೀಲಿ ನಿಂತು ನನ್ನ ಉಗಿ."

ಅತ್ತೆ ಕುರ್ಚಿ ಹೊತ್ತವರನ್ನೂ ಹಿಂದಿನ ಮಕ್ಕಳ ಗುಂಪನ್ನೂ ನೋಡಿದರು. ಆಮೇಲೆ, "ಸರಿ, ನನ್ ಮಗ ಕರ್ಕೊಂಡೋಗ್ತಾನೆ, ಅವನೇ ಕರ್ಕೊಂಡ್ಬತ್ತಾನೆ" ಎಂದರು. ಪರದೆಯ ಹಿಂದೆ ನಿಂತಿದ್ದ ನನಗೆ ಸಂತೋಷವೂ ಆಯಿತು, ಕುತ್ತಿಗೆಗೆ ಹಗ್ಗ ಬಿದ್ದಂತೆಯೂ ಆಯಿತು. ಯಾಕೆಂದರೆ ತಿರುಗಿ ಬರಬಾರದೆಂದು ನಾನು ಒಳಗೊಳಗೇ ನಿರ್ಧರಿಸಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಪಂತುಲಮ್ಮನಿಗೂ.

ವಾಪಸು ಹೋಗುವಾಗ ಆಕೆ ಕುರ್ಚಿಯನ್ನು ಬೀದಿಯ ತುದಿಗೆ ಒಯ್ಯಲು ಹೇಳಿ, ಗುಡ್ಡ ಕಾಣುವ ಕಡೆ ಸ್ವಲ್ಪ ಹೊತ್ತು ಕೂತಿದ್ದರಂತೆ. ಮಧ್ಯಾಹ್ನ ಹೋಗಿ, ಏನು ನೋಡಿದಿರಿ ಎಂದು ಕೇಳಿದೆ. ಹಸಿರಪ್ಪನಂತೆ ಹೇಳುತ್ತಾರೋ ಕಲ್ಲಪ್ಪನಂತೆ ಹೇಳುತ್ತಾರೋ ಎಂದು ಕಾದೆ.

"ಗುಡ್ಡ ಅಲ್ಲೇ ಐತೆ ಕಣಮ್ಮ..." ಎಂದರು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಪರೀಕ್ಷೆಗೆ ಎರಡು ದಿನ ಮುಂಚೆಯೇ, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅದೇ ಒಣ ಬಯಲು, ಬಂಡೆಯ ಗುಡ್ಡಗಳು. ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದ ನನಗೆ ಕಲ್ಲಪ್ಪನ ಒಂದು ವಾಕ್ಯವೂ ನೆನಪಾಗಲಿಲ್ಲ. ಒಂದೊಂದು ಜಾಲಿ ಮರವೂ ಋಷಿಯಂತೆ ಕಾಣುತ್ತಿತ್ತು. ಹಸಿರಪ್ಪ ಕುರ್ಚಿಯ ಮೇಲೆ ಕೂತು ಬರೆದದ್ದಲ್ಲವೇನೋ, ಅವನೂ ಎಲ್ಲಿಂದಲೋ ಬಿಡಿಸಿಕೊಂಡು ಬಂದವನೇನೋ ಎನ್ನಿಸಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಶೈಲಿಯನ್ನು ಬರೆದೆ, ಉದ್ದೇಶವನ್ನು ಬರೆದೆ. ಆಮೇಲೆ, ಓದುವವರು ಎಲ್ಲಿದ್ದಾರೆ ಎಂಬುದನ್ನೂ ನೋಡಬೇಕು, ಎದ್ದು ಹೋಗಲಾರದವರಿಗೆ ಒಂದು ದಿನ ನಿಜವಾದ ಕಲ್ಲು ಬೇಕಾಗುತ್ತದೆ, ಇನ್ನೊಂದು ದಿನ ಇಲ್ಲದ ತೊರೆ ಬೇಕಾಗುತ್ತದೆ ಎಂದು ಬರೆಯುತ್ತಾ ಹೋದೆ. ಗಂಟೆ ಹೊಡೆದಾಗ ವಾಕ್ಯ ಅರ್ಧಕ್ಕೇ ನಿಂತಿತ್ತು.

ಸಂಜೆ ತೌರಿನ ಜಗಲಿಯಲ್ಲಿ ಅಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು, "ಇದ್ದುಬಿಡ್ತೀಯೇನೆ?" ಒಳಗೆ ಮಗ್ಗದ ಸದ್ದು. ಬೀದಿಯಲ್ಲಿ ಹೆಂಗಸರು ಹಾಯಾಗಿ ಓಡಾಡುತ್ತಿದ್ದರು. ಇದ್ದುಬಿಡಬಹುದಿತ್ತು. ಆದರೆ ಮಕ್ಕಳ ಗುಂಪಿನ ಮಧ್ಯೆ ಸೆರಗು ಎಳೆದುಕೊಂಡು ಕೂತಿದ್ದ ಆಕೆ ಕಣ್ಣಿಗೆ ಕಟ್ಟಿದ್ದರು. "ಇಲ್ಲ, ಹೋಯ್ತೀನಿ" ಎಂದೆ.

ಕಲ್ಯಾಣದುರ್ಗಕ್ಕೆ ತಲುಪಿ, ಚೀಲ ಇಟ್ಟವಳೇ ಹಿತ್ತಲ ಬಾಗಿಲಿಗೆ ಓಡಿದೆ. ಅತ್ತೆ ಹಿಂದಿನಿಂದ ಕೈ ಹಿಡಿದರು.

"ಹೋಗಬ್ಯಾಡ ಕಣೆ. ಪಂತುಲಮ್ಮ ಹೋಗ್ಬುಟ್ಳು. ನೀನು ಹೋದ ಮಾರ್ನೇ ದಿನಾನೇ ಎದೆ ನೋವು ಬಂತು. ಪರೀಕ್ಷೆ ಮುಗಿಯೋವರ್ಗೂ ನಿಂಗೆ ತಿಳಿಸಬ್ಯಾಡಿ ಅಂದ್ಳು."

ಅತ್ತೆ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಯಾರ ಮಾತು ಉಳಿಸಲು ಬಂದೆನೋ ಅವರೇ ಇಲ್ಲ, ನಾನು ಮಾತ್ರ ಒಳಗಿದ್ದೇನೆ ಎಂಬುದು ತಿಳಿಯಲು ಕೆಲವು ದಿನಗಳೇ ಬೇಕಾದವು. ಬಾಗಿಲು ತೆರೆದು ನೋಡಿದಾಗ ಕೋಣೆಯಲ್ಲಿ ಕಡಲೆಕಾಯಿ ಮೂಟೆಗಳಿದ್ದವು. ವರ್ಷ ಕಳೆಯುವುದರೊಳಗೆ ಹಿಂದಿನ ಮನೆಯವರು ಆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದರು. ಗಾರೆಯವನು ಕರಣಿ ಉಜ್ಜುವ ಸದ್ದನ್ನು ಅಡುಗೆಮನೆಯಲ್ಲಿ ಕೂತು ಕೇಳಿದೆ. ಆ ಮನೆಯಲ್ಲಿ ಅದಕ್ಕಿಂತ ಕೆಟ್ಟ ದಿನ ನನಗೆ ಇನ್ನೊಂದು ಬರಲಿಲ್ಲ.

ಪಾಸಾಗುವಷ್ಟು ಅಂಕ ಬಂದಿತ್ತು. ಅತ್ತೆ ತಾವೇ ಬೀದಿಗೆಲ್ಲ ಸಕ್ಕರೆ ಹಂಚಿದರು. ಆದರೆ ಕೆಲಸಕ್ಕೆ ಹೋಗುವ ಮಾತು ಅವರಿರುವ ತನಕ ಏಳಲಿಲ್ಲ. ಅವರು ತೀರಿಕೊಂಡು, ತೊಂಬತ್ತರ ದಶಕದ ಕೊನೆಯಲ್ಲಿ ವ್ಯಾಪಾರ ಕುಸಿದು ಅಂಗಡಿ ಮುಚ್ಚಿದ ಮೇಲೆ ನಾವು ಹಿಂದೂಪುರಕ್ಕೆ ಬಂದೆವು. ಆಮೇಲೆ ಕೆಲವು ವರ್ಷ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟೆ. ತಡವಾಯಿತು, ಆದರೂ ಹೇಳಿಕೊಟ್ಟೆ.

ಈಗ ನನಗೆ ಆಗಿನ ಪಂತುಲಮ್ಮನಿಗಿಂತ ಹೆಚ್ಚು ವಯಸ್ಸು. ಬೆಳಿಗ್ಗೆ ಊರಾಚೆಗೆ ನಡೆದುಹೋಗುತ್ತೇನೆ, ಬೇಕಾದಾಗ ಬರುತ್ತೇನೆ. ಗಂಡನೂ ಹೋದ ಮೇಲೆ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರು ಯಾರೂ ಇಲ್ಲ. ಇದಕ್ಕಾಗಿಯೇ ಅಷ್ಟು ಹಂಬಲಿಸಿದ್ದೆ. ಹೊರಗೆ ಏನನ್ನೋ ನೋಡಿ, ಆಕೆಗೆ ಹೇಳಬೇಕೆನ್ನಿಸಿ ಬೇಗ ಬೇಗ ಮನೆಗೆ ಬರುತ್ತೇನೆ. ಬಂದ ಮೇಲೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕಾಫಿಗೆ ನೀರಿಡುತ್ತೇನೆ.