ಬುರುಡೆಗೆ ಹನ್ನೊಂದು ಬಿಸಿಲು

ಬೆಳಗಿನ ಐದೂಮುಕ್ಕಾಲು. ಅರೆಕೆರೆಯ ಸಣ್ಣ ಕಾಗದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಗಂಗಾಧರಯ್ಯ, ಎಳನೀರು ಬುರುಡೆಯ ಎರಡು ಹೋಳುಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದರೆ 'ಟಕ್' ಎನ್ನಬೇಕು. ಇವು 'ದಪ್' ಎನ್ನುತ್ತವೆ. ಅಷ್ಟರಲ್ಲಿ ಕಾಂಪೌಂಡಿನಾಚೆಯ ತಾರಸಿಯಿಂದ, ಸಂಡಿಗೆ ಮಾಡಿ ಮಾರುವ ಅಂಜನಮ್ಮನ ದಿನದ ಪ್ರಶ್ನೆ ಬರುತ್ತದೆ.

"ಗಂಗಾಧರಯ್ಯನೋರೇ, ಇವತ್ತು ಹಾಕ್ಲಾ?"

"ಬೇಡ ಕಣಮ್ಮ. ಹೊಗೆ ಬರುತ್ತೆ."

"ನಿಮ್ಮ ಬಾಯಿಂದ 'ಹಾಕಿ' ಅನ್ನಿಸೋಕೆ ಇನ್ನೇನು ಅರ್ಜಿ ಕೊಡ್ಬೇಕಾ?" ಎಂದು ಆಕೆ ಖಾಲಿ ಚಾಪೆ ಸುತ್ತಿಕೊಂಡು ಕೆಳಗಿಳಿಯುತ್ತಾರೆ. ಮೂರು ವಾರದಿಂದ ಇದೇ ಉತ್ತರ.

ಗಂಗಾಧರಯ್ಯನಿಗೆ ಐವತ್ತಾರು. ಈ ಬಾಯ್ಲರ್ ಮುಂದೆ ಇಪ್ಪತ್ತನಾಲ್ಕು ವರ್ಷ ಕಳೆದಿದ್ದಾರೆ. ರದ್ದಿ ಕಾಗದವನ್ನು ಬೇಯಿಸಿ ತಿರುಳು ಮಾಡಿ, ಅದರಿಂದ ಫೈಲಿನ ರಟ್ಟು ತಯಾರಿಸುವ ಕಾರ್ಖಾನೆ ಇದು. ಬೇಯಿಸಲು ಹಬೆ ಬೇಕು. ಮೊದಲು ಹಬೆಗಾಗಿ ದಿನಕ್ಕೆ ನೂರೈವತ್ತು ಲೀಟರ್ ಫರ್ನೇಸ್ ಆಯಿಲ್ ಉರಿಯುತ್ತಿತ್ತು. ಮಸಿ ಅಕ್ಕಪಕ್ಕದ ತಾರಸಿಗಳ ಮೇಲೆ ಕೂರುತ್ತಿತ್ತು. ನಾಲ್ಕು ವರ್ಷದ ಹಿಂದೆ ಎಣ್ಣೆಯ ಬದಲು ಬುರುಡೆ ಉರಿಸಲು ಹೊಸ ಒಲೆ ಕೂರಿಸಿದರು. ಜೆ.ಪಿ. ನಗರ, ಬಿಟಿಎಂ ಲೇಔಟಿನ ಎಳನೀರು ಗಾಡಿಗಳಿಂದ ದಿನಕ್ಕೆ ಸಾವಿರದ ಆರುನೂರು ಬುರುಡೆ ಬರತೊಡಗಿದವು.

ಮೊದಲ ತಿಂಗಳು ಹೊಗೆ ಎಣ್ಣೆಯದಕ್ಕಿಂತ ಕಪ್ಪು. ತಪ್ಪು ತಮ್ಮದೇ ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಹೋಳುಗಳನ್ನು ಬಟ್ಟಲಿನ ಹಾಗೆ ಮೇಲ್ಮುಖ ಮಾಡಿ ಹರಡಿದ್ದರು. ರಾತ್ರಿಯ ಇಬ್ಬನಿ ಅದರಲ್ಲೇ ನಿಲ್ಲುತ್ತಿತ್ತು.

"ನಾಲ್ಕು ಹೋಳು ಮಾಡಿ ಕವುಚಿ ಹಾಕ್ಬೇಕು ಸಾರ್. ಹನ್ನೊಂದು ಬಿಸಿಲು. ಹತ್ತಕ್ಕೇ ಒಲೆಗೆ ಹಾಕಿದ್ರೆ ಸಿಟ್ಟು ಮಾಡ್ಕೊಳ್ಳುತ್ತೆ."

ಹೀಗೆ ಒಣಗಿಸಲು ಅರವತ್ತು ಅಡಿ ಅಗಲ, ಎಂಬತ್ತು ಅಡಿ ಉದ್ದದ ಅಂಗಳ ಬೇಕಿತ್ತು, ಇತ್ತು. ಮಳೆಯ ವಾರಗಳನ್ನು ಬಿಟ್ಟರೆ ಎಣ್ಣೆ ನಿಂತಿತು. ಅಂಜನಮ್ಮನ ಸಂಡಿಗೆ ಬಿಳಿಯಾಗಿ ಒಣಗಿತು.

ಕಳೆದ ತಿಂಗಳು ಕಾರ್ಖಾನೆಗೆ 'ಹಸಿರು ಉದ್ಯಮ' ಪ್ರಶಸ್ತಿ ಬಂತು. ಸಮಾರಂಭದ ಅತಿಥಿಗಳ ಕಾರು ನಿಲ್ಲಿಸಲು ಅಂಗಳಕ್ಕೆ ತಗಡಿನ ಚಾವಣಿ ಹೊದಿಸಿದರು. ಬುರುಡೆ ಒಣಗಿಸಿದ್ದಕ್ಕೆ ಸಿಕ್ಕ ಪ್ರಶಸ್ತಿಗಾಗಿ, ಬುರುಡೆ ಒಣಗುವ ಜಾಗವನ್ನೇ ಮುಚ್ಚಿದರು. ಅತಿಥಿಗಳು ಹೋದರು, ಚಾವಣಿ ಉಳಿಯಿತು. ಈಗ ಅದರಡಿ ಆಫೀಸಿನವರ ಒಂಬತ್ತು ಕಾರುಗಳಿವೆ. ಬುರುಡೆಗೆ ಉಳಿದಿರುವುದು ಗೋಡೆ ಬದಿಯ ಒಂದು ಮೂಲೆ; ಹೊಸದಾಗಿ ಬರುವವಕ್ಕೆ ಜಾಗ ಬಿಡಬೇಕಾದ್ದರಿಂದ ಮೂರೇ ದಿನದ ಬಿಸಿಲು.

ಹಸಿಯನ್ನೇ ಉರಿಸಿ ಎಂದು ಮ್ಯಾನೇಜರ್ ವಿಜಯಕುಮಾರ್ ಹೇಳಿದರು. ಹೊಗೆ ಎದ್ದಿತು, ಬಡಾವಣೆಯವರು ದೂರು ಕೊಟ್ಟರು. ಆಗ 'ಕರ್ತವ್ಯದಲ್ಲಿ ಅಜಾಗರೂಕತೆ' ಎಂಬ ಮೆಮೊ ಬಂದದ್ದು ಗಂಗಾಧರಯ್ಯನಿಗೆ. ಗೇಟಿನ ಪ್ರಶಸ್ತಿ ಫಲಕದಲ್ಲಿ ಏಳು ಹೆಸರುಗಳಿವೆ, ಅವರದಿಲ್ಲ. ಮೆಮೊದಲ್ಲಿರುವುದು ಅವರೊಬ್ಬರದೇ.

ಈ ಬಗ್ಗೆ ಕೇಳಿದರೆ, ಇಂಧನದ ಹೊಣೆ ಬಾಯ್ಲರ್ ನೋಡುವವರದು, ಪಾರ್ಕಿಂಗ್ ಬೇರೆ ವಿಷಯ ಎನ್ನುತ್ತಾರೆ ವಿಜಯಕುಮಾರ್. ಹೊಗೆ ನಿಲ್ಲದಿದ್ದರೆ ಒಂದನೇ ತಾರೀಕಿನಿಂದ ಮತ್ತೆ ಎಣ್ಣೆಯಂತೆ. ಫಲಕ ತೆಗೆಯುವ ಮಾತಿಲ್ಲ.

ಗಂಗಾಧರಯ್ಯ ಮೆಮೊವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡೇ ಹೋಳುಗಳನ್ನು ಒಂದೊಂದಾಗಿ ಕವುಚುತ್ತಾರೆ. ಫಲಕದಲ್ಲಿ ನಿಮ್ಮ ಹೆಸರೂ ಇರಬೇಕಿತ್ತಲ್ಲವೇ ಎಂದರೆ ತಲೆ ಎತ್ತುವುದಿಲ್ಲ.

"ಹೆಸರು ಇಟ್ಕೊಂಡು ಏನ್ ಮಾಡ್ಲಿ ಸಾರ್? ಆ ಶೀಟ್ ತೆಗ್ಸಿ, ಸಾಕು. ಹನ್ನೆರಡನೇ ದಿನ ಬೆಳಿಗ್ಗೆ ಅಂಜನಮ್ಮೋರು ಕೇಳ್ಲಿ. 'ಹಾಕಮ್ಮ' ಅಂತೀನಿ."