ಗಾಜಿನ ಪೆಟ್ಟಿಗೆಯೊಳಗಿನ ಹಾಳೆ

ಹೊಳೆನರಸೀಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಜನ ಸೂಕ್ತಿ ಮೇಷ್ಟ್ರು ಅನ್ನುತ್ತಾರೆ. ಅದನ್ನು ಹೊಗಳಿಕೆ ಎಂದೇ ತಿಳಿದು ಬಹಳ ವರ್ಷ ಉಬ್ಬಿದ್ದೇನೆ. ಹೆಸರಾಂತ ಕಾದಂಬರಿಕಾರರೊಬ್ಬರು ಬದುಕು, ಬರವಣಿಗೆಯ ಬಗ್ಗೆ ಅಲ್ಲಲ್ಲಿ ಆಡಿದ ಮಾತುಗಳಿಗೆ ಅರ್ಥ ಬಿಡಿಸಿ ಹೇಳುವುದು ನನ್ನ ಚಟ. ಚನ್ನರಾಯಪಟ್ಟಣದಲ್ಲಿ ಒಂದು ಗಂಟೆ, ಅರಕಲಗೂಡಿನಲ್ಲಿ ಒಂದೂವರೆ ಗಂಟೆ, ಹಾಸನದಲ್ಲಿ ಮೈಕಿನವನು ವೈರು ಸುತ್ತಿಕೊಳ್ಳುವವರೆಗೂ ಮಾತಾಡಿದ್ದೇನೆ. ಹೊದಿಸಿದ ಶಾಲುಗಳಿಗೆ ಬೀರುವಿನಲ್ಲಿ ಜಾಗ ಸಾಲದೆ ಹೆಂಡತಿ ಗೊಣಗುತ್ತಾಳೆ.

ಆ ಮಾತುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿತ್ತು. ತಮ್ಮ ಮನೆಯ ಬಾಗಿಲ ಹಿಂದೆ ನಡೆಯುವುದನ್ನು ಹೇಳಲು ಅಂಜುವವರು ಪೆನ್ನು ಹಿಡಿಯಬಾರದು ಎಂಬ ಅರ್ಥದ್ದು. ಹೋದ ವರ್ಷ ಅದರ ಮೇಲೆ ಬಿ.ಎ. ಹುಡುಗರಿಗೆ ಒಂದು ಪಿರಿಯಡ್ ಪೂರ್ತಿ ಕೊರೆದು, ಭಿತ್ತಿಪತ್ರಿಕೆಗೆ ಒಂದೊಂದು ಪುಟ ಬರೆದು ಕೊಡಿ ಅಂದೆ. ಭಿತ್ತಿಪತ್ರಿಕೆ ಎಂದರೆ ನಮ್ಮ ವರಾಂಡದ ಗೋಡೆಗೆ ಬಡಿದಿರುವ ಗಾಜಿನ ಪೆಟ್ಟಿಗೆ. ಮಕ್ಕಳ ಕೈಬರಹದ ಹಾಳೆಗಳನ್ನು ಅದರೊಳಗೆ ಅಂಟಿಸಿ ಬೀಗ ಹಾಕುತ್ತೇವೆ. ಬೀಗದ ಕೈ ನನ್ನ ಬಳಿಯೇ ಇರುತ್ತದೆ.

ಎಲ್ಲರೂ ತಂತಮ್ಮ ಹಾಳೆಗಳನ್ನು ಮೇಜಿನ ಮೇಲೆ ರಾಶಿ ಹಾಕಿ ಹೋದರು. ಹೆಚ್ಚಿನವು ತಾಯಿಯೇ ದೇವರು ಎನ್ನುವ ಜಾತಿಯವು, ಓದುತ್ತಲೇ ಆಕಳಿಸಿದೆ. ಅರಕಲಗೂಡು ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಮಾತ್ರ ಸ್ಟಾಫ್ ರೂಮಿಗೆ ಬಂದು, ನಾಲ್ಕು ಮಡಿಕೆ ಮಾಡಿದ ಹಾಳೆಯನ್ನು ನನ್ನ ಕೈಗೇ ಕೊಟ್ಟಳು. ತರಗತಿಯಲ್ಲಿ ಬಾಯಿ ಬಿಡದವಳು. ಅವಳು ಬರೆದಿದ್ದಳು: ಅವ್ವ ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಎಲ್ಲರಿಗೂ ಹೇಳುತ್ತಾಳೆ. ನಮ್ಮ ಬಚ್ಚಲು ಜಾರುವುದಿಲ್ಲ, ಒರಟು ಕಲ್ಲಿನದು. ಈ ಸಲ ಬಲಗೈ ಮುರಿದಿದೆ. ಅವ್ವ ಎಡಗೈಯಲ್ಲಿ ಮುದ್ದೆ ಬಡಿಸುವಾಗ ಅಪ್ಪ ತಲೆ ಎತ್ತುವುದಿಲ್ಲ.

ಓದಿ ಮೈ ಜುಮ್ಮೆಂದಿತು. ಎಂಥ ಹಿಡಿತ, ಎಂಥ ಸಂಯಮ ಅಂದುಕೊಂಡೆ. ಕೆಂಪು ಶಾಯಿಯಲ್ಲಿ ಎರಡು ತಪ್ಪು ತಿದ್ದಿ, ಕೆಳಗೆ ಅತ್ಯುತ್ತಮ ಎಂದು ಬರೆದು, ಪೆಟ್ಟಿಗೆಯ ನಟ್ಟನಡುವೆ ಅಂಟಿಸಿದೆ. ಅಷ್ಟಕ್ಕೇ ಸುಮ್ಮನಿರದೆ ಅವಳ ಹೆಸರಿನ ಸಮೇತ ಫೋಟೊ ತೆಗೆದು, ಮೇಲೆ ಕಾದಂಬರಿಕಾರರ ಮಾತು ಸೇರಿಸಿ ವಾಟ್ಸ್ಆಪ್ ಸ್ಟೇಟಸ್ಸಿಗೂ ಹಾಕಿದೆ. ಸಹೋದ್ಯೋಗಿಗಳೆಲ್ಲ ಓದಿ, ಹುಡುಗಿಗೆ ಭವಿಷ್ಯವಿದೆ ಅಂದರು. ಅದನ್ನು ಅವಳಿಗೂ ಹೇಳಿದೆ. ನಾನು ಇನ್ನೇನೋ ಕೇಳುತ್ತೇನೆಂದು ಕಾದವಳ ಹಾಗೆ ಸ್ವಲ್ಪ ಹೊತ್ತು ನಿಂತು ಹೋದಳು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಪಾಠ ಮುಗಿಸಿ ಬರುವಾಗ ಒಬ್ಬ ಹೆಂಗಸು ಪೆಟ್ಟಿಗೆಯ ಮುಂದೆ ನಿಂತು, ಗಾಜಿನ ಮೇಲೆ ಎಡಗೈ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದರು. ಹತ್ತಿರ ಹೋಗಿ, ಚೆನ್ನಾಗಿ ಬರೆದಿದ್ದಾಳೆ ಅಲ್ಲವಾ ಅಂದೆ. ನನ್ನ ಬಾಯಿಗೆ ಮಣ್ಣು ಹಾಕ.

ಆಕೆ ಆ ಹುಡುಗಿಯ ತಾಯಿ. ನನ್ನ ಸ್ಟೇಟಸ್ಸು ಯಾರ್ಯಾರದೋ ಫೋನು ಸುತ್ತಿ ಅವರ ಊರು ಮುಟ್ಟಿತ್ತು. ಗಂಡನಿಗೆ ಯಾರೋ ತೋರಿಸಿದ್ದರು. ಮಗಳನ್ನು ಕಾಲೇಜು ಬಿಡಿಸಿ ಕರೆದೊಯ್ಯಲು ಅವನು ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಅಷ್ಟರೊಳಗೆ ಹಾಳೆ ತೆಗೆದು ಕೊಡಿ, ಕೇಳಿದರೆ ಇದು ಕಟ್ಟಿ ಬರೆದ ಕಥೆ ಅಂದುಬಿಡಿ ಎಂದು ಬೇಡಿಕೊಂಡರು. ಬೀಗ ತೆಗೆದೆ. ಹಾಳೆ ಇಸಿದುಕೊಳ್ಳುವಾಗ ಸೆರಗು ಜಾರಿತು. ಬಲಗೈಗೆ ಮೊಣಕೈವರೆಗೂ ಬಿಳಿ ಪಟ್ಟಿ ಹಾಕಿತ್ತು.

ಹತ್ತು ಸಲ ಓದಿದ್ದ ಕೈ ಅದು. ಹಾಗಾದರೆ ಇದೆಲ್ಲ ನಿಜವಾ ಎಂದು ಕೇಳಿದೆ, ಕೇಳಬಾರದಿತ್ತು.

"ಇಷ್ಟು ಜನ ಓದವ್ರೆ ಸಾ," ಅಂದರು. "ನಿಮ್ಮವ್ವ ಎಂಗವ್ಳೆ ಅಂತ ಒಬ್ರೂ ಅವ್ಳುನ್ನ ಕೇಳ್ನಿಲ್ವಾ?"

ಆಕೆ ಹೋದ ಮೇಲೆ ಮಧ್ಯಾಹ್ನ ಗಂಡ ಬಂದ. ಬಿಳಿ ಷರಟಿನ, ಮೆತ್ತಗೆ ಮಾತಾಡುವ ಮನುಷ್ಯ. ಎಲ್ಲ ಮಕ್ಕಳಿಗೂ ಕಥೆ ಕಟ್ಟಲು ಹೇಳಿದ್ದೆ, ಇದೂ ಅಂಥದ್ದೇ ಎಂದು ಅವನಿಗೆ ವಿವರಿಸಿದೆ. ಸೂಕ್ತಿ ಬಿಡಿಸಿದಷ್ಟೇ ಸಲೀಸಾಗಿ ಸುಳ್ಳೂ ಬಂತು. ಅವನು ನಂಬಿದನೋ, ನಂಬಿದ್ದೇನೆಂದು ತೋರಿಸಿಕೊಂಡನೋ, ಕೈ ಮುಗಿದು ಹೋದ. ಅವನಿಗೆ ನಾನೂ ಕೈ ಮುಗಿದದ್ದು ನೆನೆದರೆ ಇವತ್ತಿಗೂ ಅಸಹ್ಯವಾಗುತ್ತದೆ.

ಮಾರನೆಯ ದಿನ ಹುಡುಗಿ ಕಾಲೇಜಿಗೆ ಬಂದಳು. ಹೊರಗೆ ಕರೆದೆ. ಕ್ಷಮೆ ಕೇಳಬೇಕೆಂದು ಕರೆದವನು ತಪ್ಪನ್ನು ಅವಳ ಮೇಲೇ ಹೊರಿಸಿದೆ. ಇಂಥ ವಿಷಯ ಇದ್ದರೆ ನನ್ನ ಹತ್ತಿರ ಬಂದು ಹೇಳಬೇಕಿತ್ತಲ್ಲಮ್ಮ ಅಂದೆ.

ಅವಳ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಹೇಳುದ್ನಲ್ಲ ಸಾ. ಬರ್ದು ನಿಮ್ ಕೈಗೇ ಕೊಟ್ನಲ್ಲ."