ಹ್ಯಾಂಡಲಿಗೆ ಕಟ್ಟಿದ ಟವೆಲ್

ನಮ್ಮ ವಿದ್ಯುತ್ ಕಂಪನಿಯ ಚರಿತ್ರೆ ಬರೆಯುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ನಿವೃತ್ತ, ಭಾಷೆ ಪರವಾಗಿಲ್ಲ, ಸಂಭಾವನೆ ಕೇಳುವವನಲ್ಲ. ಇನ್ನೇನು ಅರ್ಹತೆ ಬೇಕು? ದಾವಣಗೆರೆಗೆ ಮೊದಲ ದೀಪ ಬಂದದ್ದು, ಹತ್ತಿ ಮಿಲ್ಲುಗಳಿಗೆ ತಂತಿ ಎಳೆದದ್ದು, ಮಂಡಳಿ ಹೋಗಿ ಕಂಪನಿಯಾದದ್ದು ಎಲ್ಲವನ್ನೂ ಬರೆದೆ. ಸುರಕ್ಷತೆಯ ಅಧ್ಯಾಯದಲ್ಲಿ ಒಂದು ಸುಳ್ಳನ್ನೂ ಬರೆದೆ.

ಹರಿಹರದ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್ ಆಗಿದ್ದಾಗ ಒಂದು ಪದ್ಧತಿಯಿತ್ತು. ಕಂಬ ಹತ್ತುವ ಮುಂಚೆ ಲೈನ್‌ಮನ್‌ಗಳು, ಕರೆಂಟ್ ನಿಲ್ಲಿಸಿದ್ದೇವೆಂಬ ನಮ್ಮ ರುಜು ಪಡೆಯುತ್ತಿದ್ದರು. ಆದರೆ ರುಜುವನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ಸ್ವಿಚ್ಚಿನ ಹ್ಯಾಂಡಲಿಗೆ ಕಟ್ಟಿ ಹೋಗುತ್ತಿದ್ದರು. ಕಟ್ಟಿದವನೇ ಬಂದು ಬಿಚ್ಚಬೇಕು. ಅಲ್ಲಿಯವರೆಗೆ ಮಂತ್ರಿಯೇ ಫೋನ್ ಮಾಡಿದರೂ ಹ್ಯಾಂಡಲ್ ಮುಟ್ಟುವಂತಿಲ್ಲ.

ಒಂದು ಮಧ್ಯಾಹ್ನ ನಂದಿಗುಡಿ ಲೈನಿಗೆ ಇಬ್ಬರು ಟವೆಲ್ ಕಟ್ಟಿ ಹೋದರು. ಭತ್ತಕ್ಕೆ ನೀರಿಲ್ಲವೆಂದು ರೈತರ ಫೋನ್ ಒಂದರ ಹಿಂದೊಂದು. ಒಬ್ಬ ವಾಪಸ್ ಬಂದು ತನ್ನದನ್ನು ಬಿಚ್ಚಿಕೊಂಡು, "ಆತ್ರಿ, ಕರೆಂಟ್ ಕೊಡ್ರಿ" ಅಂದ. ಕೆಂಪು ಅಂಚಿನ ಇನ್ನೊಂದು ಟವೆಲ್ ಅಲ್ಲೇ ಇತ್ತು. ಅದರವನೂ ಇಳಿದಿರಬೇಕು, ಮರೆತು ಊಟಕ್ಕೆ ಹೋಗಿರಬೇಕು ಎಂದುಕೊಂಡೆ. ಬಂದವನನ್ನು ಒಂದು ಮಾತೂ ಕೇಳಲಿಲ್ಲ. ನಾನೇ ಬಿಚ್ಚಿ, ಕುರ್ಚಿಯ ಮೇಲೆಸೆದು, ಹ್ಯಾಂಡಲ್ ಹಾಕಿದೆ.

ಆತ ಇನ್ನೂ ಕಂಬದ ಮೇಲಿದ್ದ. ಜೀವ ಉಳಿಯಿತು, ಬಲಗೈ ಹೋಯಿತು. ವಿಚಾರಣೆಯಲ್ಲಿ, ಹ್ಯಾಂಡಲಿನ ಮೇಲೆ ಎರಡನೆಯ ಟವೆಲ್ ಇರಲೇ ಇಲ್ಲ ಎಂದೆ. ನೌಕರಿ ಹೋಗುತ್ತದೆಂದು ಹೆದರಿದ್ದೆ. ಮೊದಲನೆಯವನೂ ಸುಮ್ಮನಿದ್ದ, ಕರೆಂಟ್ ಕೊಡಿ ಎಂದದ್ದು ಅವನೇ ತಾನೆ? ಮನೆಯಲ್ಲಿ ಹೆಂಡತಿಗೂ ಅದನ್ನೇ ಹೇಳಿದೆ.

ಪುಸ್ತಕದಲ್ಲಿ ಆ ಸಂಗತಿಯನ್ನು ಬಿಟ್ಟುಬಿಡಬಹುದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. 'ಟವೆಲ್ ಕಟ್ಟಲು ಮರೆತ ನೌಕರರೊಬ್ಬರು ಕೈ ಕಳೆದುಕೊಂಡರು' ಎಂದು ಬರೆದೆ. ಬಿಡುಗಡೆಯ ದಿನ ಶಾಲು ಹೊದಿಸಿದರು, ಹೊದ್ದುಕೊಂಡೆ.

ವಾರದ ಮೇಲೆ, ಕೈ ಕಳೆದುಕೊಂಡ ಆತ ಆನೆಕೊಂಡದಿಂದ ಆಟೋ ಮಾಡಿಕೊಂಡು ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದ. ಕಂಕುಳಲ್ಲಿ ಪುಸ್ತಕ. ಹೆಂಡತಿ ಚಹಾ ತಂದು ಅಲ್ಲೇ ನಿಂತಳು.

"ಚಲೋ ಬರ್ದೀರಿ ಸಾಹೇಬ್ರೇ. ಮೊಮ್ಮಗಳು ಓದಿ ಹೇಳಿದ್ಲು. ಯಾಕಜ್ಜ ಮರ್ತಿದ್ದೆ ಅಂತ ಕೇಳ್ತಾಳೆ. ಬಿದ್ದ ದಿನದ್ದು ನನಗೊಂದೂ ನೆನಪಿಲ್ರಿ. ನೀವೆಲ್ಲಾ ಅಂದ್ಮ್ಯಾಲೆ ಮರ್ತಿರ್ತೀನಿ ಅಂತ ನಾನೂ ನಂಬ್ಕಂಡೆ. ಆದ್ರೂ ಒಂದ್ಸಲ ನಿಮ್ಮ ಬಾಯಿಂದ ಕೇಳ್ಬೇಕು ಅನಿಸ್ತು. ನಾ ಕಟ್ಟಿರ್ಲಿಲ್ಲೇನ್ರಿ?"

ಇಷ್ಟು ವರ್ಷ ಆತ ತನ್ನನ್ನೇ ಬೈದುಕೊಂಡಿದ್ದ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕಟ್ಟಿದ್ರಿ," ಅಂದೆ. "ಕೆಂಪು ಅಂಚಿಂದು. ನಾನೇ ಬಿಚ್ಚಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆತ ಎಡಗೈಯಿಂದ ಪುಸ್ತಕ ನನ್ನ ಮುಂದೆ ಸರಿಸಿದ.

"ಬರ್ದು ಕೊಡ್ರಿ. ಮೊಮ್ಮಗಳು ಓದ್ಲಿ."

ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ನಿಜ ಬರೆದೆ, ಕೆಳಗೆ ರುಜು ಹಾಕಿದೆ. ಆತ ಪುಸ್ತಕವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟ.

"ಕನ್ನಡಕ ತಂದಿಲ್ರಿ ಅಮ್ಮಾರೆ. ಏನ್ ಬರ್ದಾರೆ, ಒಂದೀಟು ಓದ್ರಿ."

ಅವಳು ನನ್ನ ಮುಖ ನೋಡದೆ ಜೋರಾಗಿ ಓದಿದಳು.